ಬಿಟ್ಟ ಸ್ಥಳ ತುಂಬಿದರೆ ಎಲ್ಲವೂ ಸರಿ, ಸ್ವಂತವಾಗಿ ಬರೆದರೆ ತಪ್ಪು: ಇಂಗ್ಲಿಷಿನ ಆರ್ಟಿಕಲ್‌ಗಳನ್ನು ಅಭ್ಯಾಸ ಮಾಡಿಸುವುದು ಹೇಗೆ?

ಪಾಠಕೂಟ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಬರವಣಿಗೆಯನ್ನು ಗಟ್ಟಿಮಾಡಿಕೊಳ್ಳಬೇಕೆಂದು ಬಂದಿರುವ ವಯಸ್ಕರ ಸಣ್ಣ ಗುಂಪೊಂದಕ್ಕೆ ನಾನು ವ್ಯಾಕರಣ ಹೇಳಿಕೊಡುತ್ತಿದ್ದೇನೆ. ಅವರೆಲ್ಲರಿಗೂ ಇರುವುದು ಒಂದೇ ತೊಡಕು. ‘ಎ’, ‘ಆ್ಯನ್’, ‘ದಿ’ ಎಂಬ ಆರ್ಟಿಕಲ್‌ಗಳನ್ನು ತುಂಬುವ ಅಭ್ಯಾಸ ಕೊಟ್ಟರೆ ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ತುಂಬುತ್ತಾರೆ. ಯಾವ ನಾಮಪದಗಳು ಎಣಿಕೆಗೆ ಸಿಗುತ್ತವೆ, ಯಾವುವು ಸಿಗುವುದಿಲ್ಲ ಎಂದು ಕೇಳಿದರೆ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಜನರಿಗೆ ಸ್ವಂತವಾಗಿ ಒಂದು ಪುಟ ಬರೆಯಲು ಹೇಳಿದರೆ ‘ಹಿ ಗೇವ್ ಮಿ ಮೆನಿ ಅಡ್ವೈಸಸ್’, ‘ಶಿ ಈಸ್ ಡಾಕ್ಟರ್’, ‘ದಿ ಲೈಫ್ ಈಸ್ ಡಿಫಿಕಲ್ಟ್’ ಎಂಬ ವಾಕ್ಯಗಳು ಸಾಲುಸಾಲಾಗಿ ಬರುತ್ತವೆ. ನಿಯಮ ತಿಳಿದಿದ್ದೂ ಬಳಕೆಗೆ ಇಳಿಯುತ್ತಿಲ್ಲ. ಅಭ್ಯಾಸದ ವಿಧಾನದಲ್ಲೇ ಏನೋ ಕೊರತೆಯಿದೆ ಎಂಬುದು ನನ್ನ ಅನುಮಾನ.

ಮುಂದಿನ ತರಗತಿಗೆ ಸಿದ್ಧಪಡಿಸಿದ ಭಾಗವನ್ನು ಕೆಳಗೆ ಕೊಟ್ಟಿದ್ದೇನೆ. ಕೆಲವು ಕಡೆ ಏನನ್ನೂ ತುಂಬಬೇಕಾಗಿಲ್ಲ. ಇದನ್ನು ಬಿಡಿಸುತ್ತಲೇ, ಇಂಥ ಅಭ್ಯಾಸದಿಂದ ಪ್ರಯೋಜನವಿದೆಯೇ, ಇಲ್ಲದಿದ್ದರೆ ಬದಲಿಗೆ ಏನು ಮಾಡಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

‘ಐ ಬಾಟ್ ___ ಡಿಕ್ಷನರಿ ಲಾಸ್ಟ್ ವೀಕ್. ___ ಡಿಕ್ಷನರಿ ಹ್ಯಾಸ್ ___ ಯೂಸ್‌ಫುಲ್ ಇನ್‌ಫರ್ಮೇಷನ್ ಅಬೌಟ್ ___ ಗ್ರಾಮರ್. ಇಟ್ ಈಸ್ ಆಲ್ಸೊ ___ ಯೂಸ್‌ಫುಲ್ ಗೈಡ್ ಟು ___ ಪ್ರೊನನ್ಸಿಯೇಷನ್ ಆಫ್ ___ ಡಿಫಿಕಲ್ಟ್ ವರ್ಡ್ಸ್. ___ ಟೀಚರ್ ಹೂ ರೆಕಮೆಂಡೆಡ್ ಇಟ್ ಈಸ್ ___ ಆನೆಸ್ಟ್ ಪರ್ಸನ್.’

ಪರೀಕ್ಷಾರ್ಥಿ

ನನ್ನ ಉತ್ತರ ಕ್ರಮವಾಗಿ ಹೀಗಿದೆ: ಎ, ದಿ, ಎ, ದಿ, ಎ, ದಿ, ದಿ, ಎ, ಆ್ಯನ್. ಸರಿಯೇ?

ಅನುವಾದಕಿ

ಪರೀಕ್ಷಾರ್ಥಿ ಅವರೆ, ಒಂಬತ್ತರಲ್ಲಿ ಐದು ಸರಿಯಾಗಿವೆ. ಮೂರನೆಯ ಜಾಗದಲ್ಲಿ ‘ಯೂಸ್‌ಫುಲ್’ ಪದವನ್ನು ನೋಡಿ ‘ಎ’ ಹಾಕಿದ್ದೀರಿ, ಆದರೆ ಆರ್ಟಿಕಲ್ ಸೇರುವುದು ವಿಶೇಷಣದ ನಂತರ ಬರುವ ನಾಮಪದಕ್ಕೆ. ಅಲ್ಲಿರುವ ‘ಇನ್‌ಫರ್ಮೇಷನ್’ ಎಣಿಕೆಗೆ ಸಿಗದ ಪದವಾದ್ದರಿಂದ ಅದು ‘ಎ’ಯನ್ನು ಸಹಿಸುವುದಿಲ್ಲ. ಐದನೆಯ ಜಾಗದಲ್ಲಿ ಅದೇ ‘ಯೂಸ್‌ಫುಲ್’ ಇದ್ದರೂ ನಾಮಪದ ‘ಗೈಡ್’ ಆಗಿರುವುದರಿಂದ ‘ಎ’ ಬೇಕೇ ಬೇಕು. ಒಂದೇ ವಿಶೇಷಣವನ್ನು ಎರಡು ಕಡೆ ಇಟ್ಟು ಪಾಠಕೂಟ ಅವರು ಒಳ್ಳೆಯ ಪರೀಕ್ಷೆಯನ್ನೇ ಒಡ್ಡಿದ್ದಾರೆ. ‘ಗ್ರಾಮರ್’ ಇಲ್ಲಿ ವ್ಯಾಕರಣ ಎಂಬ ವಿಷಯ, ಸಾಮಾನ್ಯಾರ್ಥ, ಹಾಗಾಗಿ ಖಾಲಿ. ‘ಡಿಫಿಕಲ್ಟ್ ವರ್ಡ್ಸ್’ ಎಂದರೆ ಕಷ್ಟದ ಪದಗಳು ಯಾವುವಾದರೂ ಸರಿ, ಅದೂ ಖಾಲಿ. ‘ಪ್ರೊನನ್ಸಿಯೇಷನ್’ ಮಾತ್ರ ‘ಆಫ್’ ಇಂದ ನಿರ್ದಿಷ್ಟಗೊಂಡಿರುವುದರಿಂದ ‘ದಿ’. ಎಂಟನೆಯದು ‘ದಿ ಟೀಚರ್’ ಆಗಬೇಕು.

ಪರೀಕ್ಷಾರ್ಥಿ

ಆ ಶಿಕ್ಷಕರ ಪ್ರಸ್ತಾಪ ಬರುವುದೇ ಅಲ್ಲಿ ಮೊದಲ ಬಾರಿಗೆ. ಮೊದಲ ಸಲ ಹೇಳುವಾಗ ‘ಎ’, ಎರಡನೆಯ ಸಲ ‘ದಿ’ ಎಂದು ಎಲ್ಲ ವ್ಯಾಕರಣ ಪುಸ್ತಕಗಳಲ್ಲೂ ಇದೆಯಲ್ಲ?

ಅನುವಾದಕಿ

ಆ ನಿಯಮ ಆರಂಭಕ್ಕೆ ಊರುಗೋಲಾಗುತ್ತದೆ, ಆದರೆ ಅದನ್ನೇ ಹಿಡಿದು ಕೂತರೆ ಮುಂದೆ ಹೋಗಲಾಗುವುದಿಲ್ಲ. ‘ದಿ’ಯ ನಿಜವಾದ ಷರತ್ತು ಬೇರೆ: ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ಓದುಗನು ತಾನೇ ಗುರುತಿಸಿಕೊಳ್ಳಬಲ್ಲನೇ? ಗುರುತಿಸಬಲ್ಲನಾದರೆ ಮೊದಲ ಪ್ರಸ್ತಾಪದಲ್ಲೂ ‘ದಿ’ ಬರುತ್ತದೆ. ‘ಐ ಬಾಟ್ ಎ ಡಿಕ್ಷನರಿ. ದಿ ಕವರ್ ವಾಸ್ ಟಾರ್ನ್’ ಎಂಬಲ್ಲಿ ಹೊದಿಕೆಯ ಮಾತು ಹಿಂದೆ ಬಂದೇ ಇಲ್ಲ. ಆದರೂ ಪುಸ್ತಕವೆಂದ ಮೇಲೆ ಅದಕ್ಕೊಂದು ಹೊದಿಕೆ ಇರುತ್ತದೆ, ಅದು ಆ ಪುಸ್ತಕದ್ದೇ ಎಂದು ಓದುಗನಿಗೆ ತಿಳಿಯುತ್ತದೆ. ‘ದಿ ಸನ್’, ‘ದಿ ಸ್ಕೈ’ ಮೊದಲ ಸಲವೇ ‘ದಿ’ ಪಡೆಯುವುದಕ್ಕೂ ಇದೇ ಕಾರಣ. ನಿಘಂಟನ್ನು ಸೂಚಿಸಿದ ಶಿಕ್ಷಕರೂ ಹಾಗೆಯೇ. ‘ಹೂ ರೆಕಮೆಂಡೆಡ್ ಇಟ್’ ಎಂಬ ಮಾತೇ ಅವರು ಯಾರೆಂದು ಗುರುತಿಸಿಕೊಡುತ್ತದೆ.

ಕರಡು ತಿದ್ದುವವ

ಒಂದು ತಿದ್ದುಪಡಿ ಬೇಕು. ನಾಮಪದದ ನಂತರ ‘ಹೂ’ ಅಥವಾ ‘ದಟ್’ ಎಂಬ ಉಪವಾಕ್ಯ ಬಂದ ಮಾತ್ರಕ್ಕೆ ‘ದಿ’ ಕಡ್ಡಾಯವಾಗುವುದಿಲ್ಲ. ‘ಐ ಮೆಟ್ ಎ ಟೀಚರ್ ಹೂ ನ್ಯೂ ಫೈವ್ ಲ್ಯಾಂಗ್ವೇಜಸ್’ ಎಂಬುದು ಪೂರ್ಣವಾಗಿ ಸರಿ, ಏಕೆಂದರೆ ಐದು ಭಾಷೆ ಬಲ್ಲ ಶಿಕ್ಷಕರು ಎಷ್ಟೋ ಮಂದಿ ಇರಬಹುದು. ಮೇಲಿನ ಅಭ್ಯಾಸದಲ್ಲೂ ಹಲವು ಶಿಕ್ಷಕರು ಅದೇ ನಿಘಂಟನ್ನು ಸೂಚಿಸಿದ್ದು, ಅವರಲ್ಲಿ ಒಬ್ಬರ ಮಾತನ್ನು ಆಡುತ್ತಿದ್ದರೆ ‘ಎ ಟೀಚರ್’ ಅಸಾಧ್ಯವೇನಲ್ಲ. ಬಿಟ್ಟ ಸ್ಥಳದ ಅಭ್ಯಾಸಕ್ಕೆ ಒಂದೇ ಉತ್ತರ ಇದೆಯೆಂದು ನಂಬಿಸುವುದು ಕಲಿಯುವವರಿಗೆ ಮಾಡುವ ಅನ್ಯಾಯ.

ಇನ್ನು ಪಾಠಕೂಟ ಅವರ ಮೂಲ ಪ್ರಶ್ನೆ. ಬಿಟ್ಟ ಸ್ಥಳದ ದೊಡ್ಡ ದೋಷವೆಂದರೆ ಆ ಗೆರೆಯೇ ಉತ್ತರದ ಅರ್ಧವನ್ನು ಹೇಳಿಬಿಡುತ್ತದೆ. ‘ಇಲ್ಲಿ ಯೋಚಿಸು’ ಎಂದು ಅದು ಬೆರಳು ತೋರಿಸುತ್ತದೆ. ಸ್ವಂತವಾಗಿ ಬರೆಯುವಾಗ ಅಂಥ ಗೆರೆ ಎಲ್ಲೂ ಇರುವುದಿಲ್ಲ; ‘ಶಿ ಈಸ್ ಡಾಕ್ಟರ್’ ಎಂದು ಬರೆದವರಿಗೆ ಅಲ್ಲಿ ಏನೋ ತಪ್ಪಿಹೋಗಿದೆ ಎಂಬ ಸುಳಿವೇ ಸಿಗುವುದಿಲ್ಲ. ಆದ್ದರಿಂದ ಅಚ್ಚಾದ ಒಳ್ಳೆಯ ಗದ್ಯದ ಒಂದು ಭಾಗವನ್ನು ತೆಗೆದುಕೊಂಡು, ಎಲ್ಲ ಆರ್ಟಿಕಲ್‌ಗಳನ್ನೂ ಅಳಿಸಿ, ಗೆರೆಯನ್ನೂ ಹಾಕದೆ ಪದಗಳನ್ನು ಒತ್ತಾಗಿ ಜೋಡಿಸಿ ಕೊಡಿ. ಎಲ್ಲಿ ಬೇಕು, ಎಲ್ಲಿ ಬೇಡ, ಯಾವುದು ಬೇಕು ಎಂಬ ಮೂರನ್ನೂ ಅವರೇ ನಿರ್ಧರಿಸಲಿ. ಆಮೇಲೆ ಮೂಲದೊಂದಿಗೆ ಹೋಲಿಸಿ, ಬೇರೆಯಾದ ಪ್ರತಿಯೊಂದು ಜಾಗದಲ್ಲೂ ಮೂಲ ಲೇಖಕ ಹಾಗೇಕೆ ಬರೆದನೆಂದು ಬಾಯಿಬಿಟ್ಟು ಹೇಳಲಿ. ಕಾರಣ ಹೇಳುವ ಹಂತವನ್ನು ಬಿಟ್ಟರೆ ಈ ಅಭ್ಯಾಸವೂ ಊಹೆಯ ಆಟವಾಗುತ್ತದೆ.

ನುಡಿಯಾಸಕ್ತ

ಈ ವಿಷಯವನ್ನು ಕನ್ನಡದ ಕಡೆಯಿಂದ ನೋಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ನಮಗೆ ಈ ಕಲ್ಪನೆಯೇ ಹೊರಗಿನದು ಎಂದು ಮೊದಲ ದಿನವೇ ಹೇಳಿ ಕಲಿಯುವವರನ್ನು ಹೆದರಿಸುತ್ತಾರೆ. ಪದ ಇಲ್ಲದಿರುವುದು ನಿಜ. ಭೇದ ಇಲ್ಲ ಎಂಬುದು ಸುಳ್ಳು.

‘ಮೇಜಿನ ಮೇಲೆ ಪುಸ್ತಕ ಇದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕ ಮೇಜಿನ ಮೇಲೆ ಇದೆ’ ಎಂದರೆ ನಾವಿಬ್ಬರೂ ಬಲ್ಲ ಆ ಪುಸ್ತಕ. ಪದಗಳು ಅವೇ, ಕ್ರಮ ಮಾತ್ರ ಬದಲಾಗಿದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ದೇರ್ ಈಸ್ ಎ ಬುಕ್ ಆನ್ ದಿ ಟೇಬಲ್’, ಎರಡನೆಯದು ‘ದಿ ಬುಕ್ ಈಸ್ ಆನ್ ದಿ ಟೇಬಲ್’. ದ್ವಿತೀಯಾ ವಿಭಕ್ತಿಯನ್ನೂ ನೋಡಿ. ‘ಪುಸ್ತಕ ಓದಿದೆ’ ಎಂದವನು ಓದುವ ಕೆಲಸದಲ್ಲಿ ಹೊತ್ತು ಕಳೆದನೆಂದು ತಿಳಿಯುತ್ತೇವೆ. ‘ಪುಸ್ತಕವನ್ನು ಓದಿದೆ’ ಎಂದಾಗ ಒಂದು ನಿರ್ದಿಷ್ಟ ಪುಸ್ತಕ ಮನಸ್ಸಿಗೆ ಬರುತ್ತದೆ.

ಎಣಿಕೆಯ ವಿಷಯವೂ ಹಾಗೆಯೇ. ‘ಕೆಲವು ನೀರು’ ಎಂದು ಕನ್ನಡಿಗರು ಯಾರೂ ಹೇಳುವುದಿಲ್ಲ, ‘ಸ್ವಲ್ಪ ನೀರು’ ಎನ್ನುತ್ತಾರೆ. ‘ಹಲವು ಮರಳು’ ಎಂದರೆ ಕಿವಿ ಒಪ್ಪುವುದಿಲ್ಲ. ‘ಕೆಲವು’, ‘ಹಲವು’ ಎಣಿಸಬಹುದಾದುದಕ್ಕೆ, ‘ಸ್ವಲ್ಪ’ ಅಳೆಯುವುದಕ್ಕೆ ಎಂಬ ಭೇದ ನಮಗೆ ಮಾತು ಕಲಿತಾಗಲೇ ಬಂದಿರುತ್ತದೆ. ತೊಡಕು ಹುಟ್ಟುವುದು ‘ಎಷ್ಟು’, ‘ತುಂಬಾ’, ‘ಬಹಳ’ ಎಂಬ ಪದಗಳಲ್ಲಿ. ಎರಡು ವರ್ಗಕ್ಕೂ ಅವು ಹೊಂದುವುದರಿಂದ ‘ಮಚ್’ ಮತ್ತು ‘ಮೆನಿ’ ನಡುವೆ ನಾವು ಎಡವುತ್ತೇವೆ. ಅಂಕಿಯ ಮುಂದೆ ಬಹುವಚನ ನಮ್ಮಲ್ಲಿ ಐಚ್ಛಿಕ, ‘ಹತ್ತು ಪುಸ್ತಕ ಕೊಡಿ’ ಎಂದರೆ ತಪ್ಪಿಲ್ಲ. ‘ಟೆನ್ ಬುಕ್’ ಬರುವುದು ಅಲ್ಲಿಂದಲೇ. ಕಲಿಯುವವರಿಗೆ ಈ ಹೊಂದಾಣಿಕೆಗಳನ್ನು ಮೊದಲೇ ತೋರಿಸಿದರೆ ಅರ್ಧ ಭಯ ಹೋಗುತ್ತದೆ.

ಕರಡು ತಿದ್ದುವವ

ಪದಕ್ರಮದ ಉದಾಹರಣೆ ಬಹಳ ಚೆನ್ನಾಗಿದೆ, ನಾಳೆಯಿಂದಲೇ ಅದನ್ನು ಬಳಸುತ್ತೇನೆ. ವಿಭಕ್ತಿಯ ಉದಾಹರಣೆಯನ್ನು ಮಾತ್ರ ನಿಯಮವೆಂದು ಹೇಳಿಕೊಡಬೇಡಿ. ಗ್ರಾಂಥಿಕ ಕನ್ನಡದಲ್ಲಿ ‘ಒಂದು ಪುಸ್ತಕವನ್ನು ಕೊಂಡೆನು’ ಎಂಬ ಪ್ರಯೋಗ ಸಹಜ, ಅಲ್ಲಿ ‘ಅನ್ನು’ ಇದ್ದರೂ ಪುಸ್ತಕ ಯಾವುದೆಂದು ಕೇಳುಗನಿಗೆ ಗೊತ್ತಿಲ್ಲ. ‘ಅನ್ನು’ ಕಂಡಲ್ಲೆಲ್ಲ ‘ದಿ’ ಹಾಕುವ ಹೊಸ ತಪ್ಪನ್ನು ನಾವೇ ಕಲಿಸಿದಂತಾದೀತು.

ನುಡಿಯಾಸಕ್ತ

ಒಪ್ಪಿದೆ. ಬರಹಕ್ಕಿಂತ ಆಡುಮಾತಿನಲ್ಲಿ ಆ ಭೇದ ಹೆಚ್ಚು ಸ್ಪಷ್ಟ. ಸುಳಿವು ಎಂದಷ್ಟೇ ಹೇಳಬೇಕು.

ತಂತ್ರಬರಹ

ನನ್ನ ಕೆಲಸ ತಾಂತ್ರಿಕ ದಾಖಲೆಗಳನ್ನು ಬರೆಯುವುದು ಮತ್ತು ಇತರರು ಬರೆದುದನ್ನು ಪರಿಶೀಲಿಸುವುದು. ಕಚೇರಿಯ ಬರಹಗಳಲ್ಲಿ ಪದೇಪದೇ ಕಾಣುವ ತಪ್ಪು ಬಹುವಚನಗಳು ಬೆರಳೆಣಿಕೆಯಷ್ಟೇ: ‘ಸಾಫ್ಟ್‌ವೇರ್ಸ್’, ‘ಹಾರ್ಡ್‌ವೇರ್ಸ್’, ‘ಇಕ್ವಿಪ್‌ಮೆಂಟ್ಸ್’, ‘ಫೀಡ್‌ಬ್ಯಾಕ್ಸ್’, ‘ಇನ್‌ಫರ್ಮೇಷನ್ಸ್’, ‘ಫರ್ನಿಚರ್ಸ್’, ‘ಸ್ಟೇಷನರೀಸ್’. ಕನ್ನಡದಲ್ಲಿ ‘ಉಪಕರಣಗಳು’, ‘ಸಲಹೆಗಳು’, ‘ಪೀಠೋಪಕರಣಗಳು’ ಸರಿಯಾದ ರೂಪಗಳಾದ್ದರಿಂದ ಕೈ ತಾನಾಗಿ ‘ಎಸ್’ ಸೇರಿಸುತ್ತದೆ. ಈ ಪದಗಳನ್ನು ಒಂಟಿಯಾಗಿ ಕಲಿಯದೆ ಅವುಗಳ ಅಳತೆಯ ಪದದೊಂದಿಗೇ ಕಲಿಯಬೇಕು: ‘ಎ ಪೀಸ್ ಆಫ್ ಅಡ್ವೈಸ್’, ‘ಆ್ಯನ್ ಐಟಮ್ ಆಫ್ ನ್ಯೂಸ್’, ‘ಎ ಪೀಸ್ ಆಫ್ ಇಕ್ವಿಪ್‌ಮೆಂಟ್’, ‘ಎ ಬಿಟ್ ಆಫ್ ಇನ್‌ಫರ್ಮೇಷನ್’. ಎರಡು ಸಲಹೆಗಳೆಂದು ಹೇಳಬೇಕಾದಾಗ ‘ಟೂ ಪೀಸಸ್ ಆಫ್ ಅಡ್ವೈಸ್’ ಎಂಬುದು ಹುಡುಕದೆ ಬಾಯಿಗೆ ಬರುತ್ತದೆ.

ಪರೀಕ್ಷಾರ್ಥಿ

‘ನ್ಯೂಸ್’ ಪದದ ಕೊನೆಯಲ್ಲೇ ‘ಎಸ್’ ಇದೆಯಲ್ಲ, ಅದು ಬಹುವಚನವಲ್ಲವೆ?

ತಂತ್ರಬರಹ

ರೂಪದಲ್ಲಿ ಹಾಗೆ ಕಂಡರೂ ಬಳಕೆಯಲ್ಲಿ ಏಕವಚನ. ‘ದಿ ನ್ಯೂಸ್ ಈಸ್ ಗುಡ್’ ಎಂದೇ ಬರೆಯಬೇಕು. ‘ಮ್ಯಾಥಮ್ಯಾಟಿಕ್ಸ್’, ‘ಫಿಸಿಕ್ಸ್’ ಸಹ ಇದೇ ವರ್ಗ. ಇದಕ್ಕೆ ತದ್ವಿರುದ್ಧವಾದದ್ದು ‘ಪೊಲೀಸ್’: ‘ಎಸ್’ ಇಲ್ಲದಿದ್ದರೂ ‘ದಿ ಪೊಲೀಸ್ ಆರ್’ ಎಂದು ಬಹುವಚನದ ಕ್ರಿಯಾಪದ ಬೇಕು.

ಪದಕೋಶಪ್ರಿಯ

ಚರ್ಚೆ ಮತ್ತೆ ಪಟ್ಟಿಯ ಕಡೆಗೆ ಹೋಗುತ್ತಿದೆ, ಅದಕ್ಕೆ ನನ್ನ ಆಕ್ಷೇಪವಿದೆ. ಪದಗಳನ್ನು ಎರಡು ಕಂಬಸಾಲುಗಳಲ್ಲಿ ಬರೆದು, ಇವು ಎಣಿಕೆಯವು, ಇವು ಅಲ್ಲ ಎಂದು ಕಂಠಪಾಠ ಮಾಡಿಸುವುದೇ ರೋಗದ ಮೂಲ. ಇಂಗ್ಲಿಷಿನ ಅಸಂಖ್ಯ ಪದಗಳು ಎರಡೂ ಕಡೆ ನಿಲ್ಲುತ್ತವೆ, ಅರ್ಥ ಬದಲಾದಂತೆ ವರ್ಗವೂ ಬದಲಾಗುತ್ತದೆ. ‘ಪೇಪರ್’ ಕಾಗದವಾದಾಗ ಎಣಿಕೆಯಿಲ್ಲ. ‘ಎ ಪೇಪರ್’ ಎಂದರೆ ದಿನಪತ್ರಿಕೆ ಅಥವಾ ವಿದ್ವತ್ ಪ್ರಬಂಧ. ‘ಗ್ಲಾಸ್’ ಗಾಜು, ‘ಎ ಗ್ಲಾಸ್’ ಲೋಟ. ‘ಐರನ್’ ಕಬ್ಬಿಣ, ‘ಆ್ಯನ್ ಐರನ್’ ಇಸ್ತ್ರಿ ಪೆಟ್ಟಿಗೆ. ‘ರೂಮ್’ ಎಂದರೆ ಜಾಗ, ‘ಎ ರೂಮ್’ ಕೋಣೆ. ‘ವರ್ಕ್’ ಕೆಲಸ, ‘ಎ ವರ್ಕ್’ ಕಲಾಕೃತಿ ಅಥವಾ ಸಾಹಿತ್ಯಕೃತಿ. ಉದ್ಯೋಗದ ಅರ್ಜಿಯಲ್ಲಿ ಬರೆಯುವ ‘ಎಕ್ಸ್‌ಪೀರಿಯನ್ಸ್’ ಎಣಿಕೆಗೆ ಸಿಗದು, ಆದರೆ ಮರೆಯಲಾಗದ ಒಂದು ಘಟನೆಯನ್ನು ಹೇಳುವಾಗ ‘ಆ್ಯನ್ ಎಕ್ಸ್‌ಪೀರಿಯನ್ಸ್’ ಎಂದೇ ಬರುತ್ತದೆ. ತಲೆಯ ಮೇಲಿನ ಕೂದಲೆಲ್ಲ ‘ಹೇರ್’. ಅಂಗಿಯ ಮೇಲೆ ಬಿದ್ದ ಒಂದೇ ಎಳೆ ‘ಎ ಹೇರ್’.

ಡೆನ್ಮಾರ್ಕಿನ ವ್ಯಾಕರಣಜ್ಞ ಒಟ್ಟೊ ಯೆಸ್ಪರ್ಸನ್ ಅವರು 1924ರಲ್ಲೇ ಎಣಿಕೆಯ ಪದಗಳು ಮತ್ತು ರಾಶಿಯ ಪದಗಳು ಎಂಬ ಭೇದವನ್ನು ವಿವರವಾಗಿ ಚರ್ಚಿಸಿದ್ದಾರೆ. ಮನಸ್ಸು ವಸ್ತುವನ್ನು ಅಂಚುಳ್ಳ ಬಿಡಿಯಾಗಿ ಕಾಣುತ್ತಿದೆಯೋ, ಅಂಚಿಲ್ಲದ ರಾಶಿಯಾಗಿ ಕಾಣುತ್ತಿದೆಯೋ ಎಂಬುದನ್ನು ಗಮನಿಸುವುದನ್ನು ಕಲಿತರೆ ಪಟ್ಟಿಯ ಹೊರೆ ಬಹಳ ಮಟ್ಟಿಗೆ ಇಳಿಯುತ್ತದೆ.

ಅನುವಾದಕಿ

ಬಹಳ ಮಟ್ಟಿಗೆ ಹೌದು, ಪೂರ್ತಿಯಾಗಿ ಇಲ್ಲ. ಕುರ್ಚಿ, ಮೇಜು, ಮಂಚಗಳಿಗೆ ಸ್ಪಷ್ಟವಾದ ಅಂಚುಗಳಿವೆ, ಆದರೂ ‘ಫರ್ನಿಚರ್’ ಎಣಿಕೆಗೆ ಸಿಗದು. ‘ಲಗೇಜ್’ ಪದವೂ ಹಾಗೆಯೇ. ‘ಜಾಬ್’ ಎಣಿಕೆಯ ಪದ, ಉದ್ಯೋಗವೆಂಬ ಅರ್ಥದ ‘ವರ್ಕ್’ ಅಲ್ಲ. ‘ವೆದರ್’ ಮುಂದೆ ‘ಎ’ ಬರುವುದಿಲ್ಲ, ‘ಕ್ಲೈಮೇಟ್’ ಮುಂದೆ ಬರುತ್ತದೆ. ಇಲ್ಲಿ ತರ್ಕದಿಂದ ಉತ್ತರ ಸಿಗುವುದಿಲ್ಲ, ಭಾಷೆಯ ರೂಢಿಯನ್ನೇ ಕಲಿಯಬೇಕು. ಹಾಗಾಗಿ ಚಿಕ್ಕದೊಂದು ಪಟ್ಟಿ ಬೇಕಾಗುತ್ತದೆ, ಪದಕೋಶಪ್ರಿಯ ಅವರು ಅದಕ್ಕೆ ಪೂರ್ಣ ವಿರೋಧ ಮಾಡಬಾರದು.

ಪದಕೋಶಪ್ರಿಯ

ಚಿಕ್ಕ ಪಟ್ಟಿಗೆ ನನ್ನ ಒಪ್ಪಿಗೆಯಿದೆ, ಆದರೆ ಅದನ್ನೂ ಕಲ್ಲಿನಲ್ಲಿ ಕೆತ್ತಬೇಡಿ. ‘ನಾಲೆಜ್’ ಪದವನ್ನು ಎಣಿಕೆಗೆ ಸಿಗದವುಗಳ ಸಾಲಿನಲ್ಲಿ ಹಾಕುತ್ತಾರೆ, ಅದು ಸರಿ. ಆದರೂ ‘ಎ ಗುಡ್ ನಾಲೆಜ್ ಆಫ್ ಇಂಗ್ಲಿಷ್’ ಶುದ್ಧವಾದ ಇಂಗ್ಲಿಷ್. ಬಹುವಚನ ಮಾತ್ರ ಆಗದು. ಕಲಿಯುವವರಿಗಾಗಿಯೇ ರೂಪಿಸಿದ ನಿಘಂಟುಗಳಲ್ಲಿ ಪ್ರತಿ ಅರ್ಥದ ಪಕ್ಕದಲ್ಲೂ ‘ಸಿ’ ಅಥವಾ ‘ಯು’ ಎಂಬ ಗುರುತು ಇರುತ್ತದೆ: ಮೊದಲನೆಯದು ಎಣಿಕೆಯದಕ್ಕೆ, ಎರಡನೆಯದು ಎಣಿಕೆಗೆ ಸಿಗದುದಕ್ಕೆ. ಗುರುತು ಪದಕ್ಕೆ ಒಂದೇ ಅಲ್ಲ, ಒಂದೊಂದು ಅರ್ಥಕ್ಕೂ ಪ್ರತ್ಯೇಕ. ಅದನ್ನು ಓದುವುದನ್ನು ಹೇಳಿಕೊಟ್ಟರೆ ಕಲಿಯುವವರು ನಿಮ್ಮ ಮೇಲೂ ನನ್ನ ಮೇಲೂ ಅವಲಂಬಿಸಬೇಕಾಗಿಲ್ಲ.

ಸರಳಮಾತು

ಇಷ್ಟೆಲ್ಲ ಚರ್ಚೆ ಓದಿದೆ. ನೇರವಾಗಿ ಕೇಳುತ್ತೇನೆ: ‘ಶಿ ಈಸ್ ಡಾಕ್ಟರ್’ ಎಂದರೆ ಅರ್ಥವಾಗದೆ ಉಳಿಯುವವರು ಯಾರಾದರೂ ಇದ್ದಾರೆಯೇ? ರಷ್ಯನ್ ಭಾಷೆಯಲ್ಲೂ ಆರ್ಟಿಕಲ್ ಇಲ್ಲ, ಲ್ಯಾಟಿನ್‌ನಲ್ಲೂ ಇರಲಿಲ್ಲ, ಅಲ್ಲಿ ಯಾವ ವಿಚಾರವೂ ಹೇಳಲಾಗದೆ ಉಳಿಯಲಿಲ್ಲ. ಧೈರ್ಯವಾಗಿ ಮಾತನಾಡಲು ಕಲಿಸುವುದನ್ನು ಬಿಟ್ಟು ಈ ಚಿಕ್ಕ ಪದಗಳಿಗಾಗಿ ಜನರನ್ನು ಸತಾಯಿಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನುಡಿಯಾಸಕ್ತ

ಸರಳಮಾತು ಅವರೆ, ಮಾತಿನ ಮಟ್ಟಿಗೆ ನಿಮ್ಮ ಕಳಕಳಿ ನನಗೆ ಒಪ್ಪಿಗೆ. ಮಾತನಾಡುವವರನ್ನು ನಡುವೆ ತಡೆದು ‘ಎ’ ಹಾಕಿಸುವುದು ಕೆಟ್ಟ ಅಭ್ಯಾಸ. ಆದರೆ ಅರ್ಥ ಬದಲಾಗುವುದೇ ಇಲ್ಲ ಎಂದರೆ ಒಪ್ಪಲಾರೆ. ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್’ ಎಂದವನಿಗೆ ಒಂದಿಷ್ಟು ಗೆಳೆಯರಿದ್ದಾರೆ. ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್’ ಎಂದವನು ಗೆಳೆಯರು ಇಲ್ಲವೆಂಬಷ್ಟು ಕಡಿಮೆ ಎಂದು ಕೊರಗುತ್ತಿದ್ದಾನೆ. ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್’ ಎಂದರೆ ಹಲವು ವಿದ್ಯಾರ್ಥಿಗಳು, ‘ದಿ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್’ ಎಂದರೆ ವಿದ್ಯಾರ್ಥಿಗಳ ಸಂಖ್ಯೆ. ಕ್ರಿಯಾಪದವೇ ಬದಲಾಗುತ್ತದೆ.

1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಅವರು ಚಂದ್ರನ ಮೇಲೆ ಕಾಲಿಟ್ಟು ಹೇಳಿದ ಮಾತನ್ನು ನೆನಪಿಸಿಕೊಳ್ಳಿ. ಧ್ವನಿಮುದ್ರಣದಲ್ಲಿ ಕೇಳುವುದು ‘ಒನ್ ಸ್ಮಾಲ್ ಸ್ಟೆಪ್ ಫಾರ್ ಮ್ಯಾನ್, ಒನ್ ಜಯಂಟ್ ಲೀಪ್ ಫಾರ್ ಮ್ಯಾನ್‌ಕೈಂಡ್’. ಆರ್ಟಿಕಲ್ ಇಲ್ಲದ ‘ಮ್ಯಾನ್’ ಮನುಕುಲ ಎಂಬ ಅರ್ಥವನ್ನೇ ಕೊಡುವುದರಿಂದ, ಮನುಕುಲಕ್ಕೆ ಇದು ಸಣ್ಣ ಹೆಜ್ಜೆ, ಮನುಕುಲಕ್ಕೆ ಇದು ದೊಡ್ಡ ಜಿಗಿತ ಎಂದು ವಾಕ್ಯ ತನ್ನನ್ನೇ ಅಲ್ಲಗಳೆಯುತ್ತದೆ. ತಾವು ‘ಫಾರ್ ಎ ಮ್ಯಾನ್’ ಎಂದು ಹೇಳಲು ಉದ್ದೇಶಿಸಿದ್ದಾಗಿ ಆರ್ಮ್‌ಸ್ಟ್ರಾಂಗ್ ಅವರೇ ತಿಳಿಸಿದ್ದರು. ಆ ಒಂದು ‘ಎ’ ಉಚ್ಚಾರವಾಯಿತೇ ಇಲ್ಲವೇ ಎಂದು ಧ್ವನಿತಜ್ಞರು ದಶಕಗಳ ನಂತರವೂ ವಾದಿಸಿದ್ದಾರೆ.

ಕರಡು ತಿದ್ದುವವ

ಇನ್ನೂ ಭಾರವಾದ ಉದಾಹರಣೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242ನೇ ನಿರ್ಣಯ. 1967ರ ನವೆಂಬರ್ 22ರಂದು ಅಂಗೀಕಾರವಾದ ಅದರ ಇಂಗ್ಲಿಷ್ ಪಠ್ಯದಲ್ಲಿ ಇಸ್ರೇಲಿನ ಸೇನೆ ‘ಫ್ರಮ್ ಟೆರಿಟರೀಸ್ ಆಕ್ಯುಪೈಡ್ ಇನ್ ದಿ ರೀಸೆಂಟ್ ಕಾನ್‌ಫ್ಲಿಕ್ಟ್’ ಹಿಂದೆ ಸರಿಯಬೇಕೆಂದಿದೆ. ‘ಟೆರಿಟರೀಸ್’ ಮುಂದೆ ‘ದಿ’ ಇಲ್ಲ. ಫ್ರೆಂಚ್ ಪಠ್ಯದಲ್ಲಿ ಆರ್ಟಿಕಲ್ ಇದೆ. ವಶಪಡಿಸಿಕೊಂಡ ಪ್ರದೇಶಗಳೆಲ್ಲವನ್ನೂ ಬಿಡಬೇಕೇ, ಅವುಗಳಲ್ಲಿ ಕೆಲವನ್ನು ಬಿಟ್ಟರೆ ಸಾಕೇ ಎಂಬ ವಾದವು ಬಹುಮಟ್ಟಿಗೆ ಈ ಒಂದು ಪದದ ಸುತ್ತ ಬೆಳೆದು ಇಂದಿಗೂ ಮುಗಿದಿಲ್ಲ. ಒಪ್ಪಂದ, ಕರಾರು, ಕಾನೂನು ಬರೆಯುವವರು ಆರ್ಟಿಕಲ್‌ಗಳನ್ನು ಇಷ್ಟು ಎಚ್ಚರದಿಂದ ನೋಡುವುದು ಸುಮ್ಮನೆ ಅಲ್ಲ.

ಸರಳಮಾತು

ಕಾನೂನಿನ ಉದಾಹರಣೆ ನನ್ನ ವಾದವನ್ನು ಸಡಿಲಿಸಿದೆ, ಒಪ್ಪುತ್ತೇನೆ. ಆದರೂ ಆರಂಭದ ಹಂತದವರಿಗೆ ಈ ಪಾಠವನ್ನು ಮುಂದೂಡಬೇಕು ಎಂಬ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಸಂಜೆಯೋದು

‘ಎ’ ಮತ್ತು ‘ಆ್ಯನ್’ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನನ್ನದೊಂದು ಉಪಾಯ ಹೇಳುತ್ತೇನೆ. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಮೊದಲ ಅಕ್ಷರ ‘ಅ’ದಿಂದ ‘ಔ’ವರೆಗಿನ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ‘ಯೂನಿವರ್ಸಿಟಿ’, ‘ಯೂನಿಫಾರ್ಮ್’, ‘ಯುರೋಪಿಯನ್’ ಪದಗಳೆಲ್ಲ ‘ಯ’ಕಾರದಿಂದ ಆರಂಭವಾಗುವುದರಿಂದ ‘ಎ’. ‘ಅವರ್’ (ಗಂಟೆ), ‘ಆನೆಸ್ಟ್’, ‘ಏರ್’ (ವಾರಸುದಾರ) ಪದಗಳಲ್ಲಿ ಇಂಗ್ಲಿಷಿನ ‘ಎಚ್’ ಅಕ್ಷರ ಇದ್ದರೂ ಕನ್ನಡದಲ್ಲಿ ಅದು ಉಳಿಯುವುದಿಲ್ಲ, ಆದ್ದರಿಂದ ‘ಆ್ಯನ್’. ಸಂಕ್ಷೇಪಗಳಿಗೂ ಇದು ಹೊಂದುತ್ತದೆ: ‘ಎಂಬಿಎ’, ‘ಎಕ್ಸ್‌ರೇ’, ‘ಎಲ್‌ಇಡಿ’ ಸ್ವರದಿಂದ ಆರಂಭವಾಗುತ್ತವೆ, ‘ಯುಎನ್’ ವ್ಯಂಜನದಿಂದ. ನಮ್ಮ ಲಿಪಿ ಉಚ್ಚಾರವನ್ನು ಹಿಡಿಯುವುದರಿಂದ ಈ ಒಂದು ವಿಷಯದಲ್ಲಿ ನಮಗೆ ಇಂಗ್ಲಿಷ್ ಲಿಪಿಯನ್ನಷ್ಟೇ ನೋಡುವವರಿಗಿಂತ ಹೆಚ್ಚಿನ ಅನುಕೂಲವಿದೆ.

ತಂತ್ರಬರಹ

ಬಹಳ ಉಪಯುಕ್ತ. ಒಂದು ಎಚ್ಚರಿಕೆ ಸೇರಿಸಿಕೊಳ್ಳಿ. ‘ಒನ್’ ಎಂದು ನಾವು ರೂಢಿಯಿಂದ ಸ್ವರದೊಂದಿಗೆ ಬರೆಯುತ್ತೇವೆ, ಆದರೆ ಅದರ ಉಚ್ಚಾರ ‘ವನ್’; ಹಾಗಾಗಿ ‘ಎ ಒನ್-ವೇ ಸ್ಟ್ರೀಟ್’. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಆಡುಮಾತಿನಲ್ಲಿ ನಾವು ‘ಎ’ಕಾರದ ಮುಂದೆ ಯಕಾರವನ್ನೂ ‘ಒ’ಕಾರದ ಮುಂದೆ ವಕಾರವನ್ನೂ ಅರಿಯದೆ ಸೇರಿಸುತ್ತೇವೆ. ‘ಯೆಂಜಿನಿಯರ್’ ಎಂದು ಉಚ್ಚರಿಸುವವರಿಗೆ ‘ಎ ಯೆಂಜಿನಿಯರ್’ ಸರಿಯೆಂದೇ ಕೇಳಿಸುತ್ತದೆ. ಉಚ್ಚಾರವನ್ನು ನಿಘಂಟಿನಲ್ಲಿ ನೋಡಿಕೊಂಡ ಮೇಲೆ ಈ ಉಪಾಯ ಬಳಸಬೇಕು.

ಪದಕೋಶಪ್ರಿಯ

‘ಆ್ಯನ್’ ರೂಪವೇ ಹಳೆಯದು ಎಂಬುದು ತಿಳಿದಿರಲಿ. ಒಂದು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಅದು ಬಂದಿದೆ, ವ್ಯಂಜನದ ಮುಂದೆ ಅದರ ನಕಾರ ಬಿದ್ದುಹೋಗಿ ‘ಎ’ ಉಳಿಯಿತು. ನಕಾರ ಎಲ್ಲಿಗೆ ಸೇರಿದ್ದೆಂಬ ಗೊಂದಲದಲ್ಲಿ ಕೆಲವು ಪದಗಳ ರೂಪವೇ ಬದಲಾಗಿದೆ: ‘ಎ ನೇಪ್ರನ್’ ಇದ್ದದ್ದು ‘ಆ್ಯನ್ ಏಪ್ರನ್’ ಆಯಿತು, ‘ಆ್ಯನ್ ಎಕ್‌ನೇಮ್’ ಇದ್ದದ್ದು ‘ಎ ನಿಕ್‌ನೇಮ್’ ಆಯಿತು. ‘ಆರೆಂಜ್’ ಕೂಡ ಹೀಗೆಯೇ ಆಯಿತೆಂದು ಅನೇಕರು ಬರೆಯುತ್ತಾರೆ, ಅದು ತಪ್ಪು. ನಮ್ಮ ‘ನಾರಂಗಿ’ಯಲ್ಲಿ ಉಳಿದಿರುವ ಆ ನಕಾರ, ಪದವು ಇಂಗ್ಲಿಷಿಗೆ ತಲುಪುವ ಮೊದಲೇ ಲೋಪವಾಗಿತ್ತು.

ಪರೀಕ್ಷಾರ್ಥಿ

ವಿಷಯದಿಂದ ಸ್ವಲ್ಪ ಆಚೆ ಹೋಗುತ್ತಿದ್ದೇನೆ. ‘ಲೆಸ್’ ಮತ್ತು ‘ಫ್ಯೂಅರ್’ ಕೂಡ ಇದೇ ನಿಯಮಕ್ಕೆ ಸೇರುತ್ತವೆಯೇ?

ಕರಡು ತಿದ್ದುವವ

ಸೇರುತ್ತವೆ. ‘ಲೆಸ್ ವಾಟರ್’, ‘ಫ್ಯೂಅರ್ ಬುಕ್ಸ್’ ಎಂದು ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. ದೂರ, ಕಾಲ, ಹಣಗಳನ್ನು ಒಟ್ಟು ಮೊತ್ತವಾಗಿ ನೋಡುವಾಗ ಅಂಕಿಯಿದ್ದರೂ ‘ಲೆಸ್ ದ್ಯಾನ್ ಟೆನ್ ಕಿಲೋಮೀಟರ್ಸ್’ ಎಂದೇ ಬರುತ್ತದೆ.

ಪದಕೋಶಪ್ರಿಯ

ಆ ನಿಯಮ ಅನಾದಿಯಲ್ಲ. ಎಣಿಕೆಯ ಪದಗಳೊಂದಿಗೆ ‘ಲೆಸ್’ ಬಳಸುವುದು ಹಳೆಯ ಇಂಗ್ಲಿಷ್ ಕಾಲದಿಂದಲೂ ಇತ್ತು. 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕ ‘ಫ್ಯೂಅರ್’ ತನಗೆ ಹೆಚ್ಚು ಸರಿ ಕಾಣುತ್ತದೆ ಎಂಬರ್ಥದ ಮಾತನ್ನು ಬರೆದ ಮೇಲೆ ಅದು ಕ್ರಮೇಣ ನಿಯಮವಾಗಿ ಗಟ್ಟಿಯಾಯಿತು. ಪರೀಕ್ಷೆಯಲ್ಲಿ ಮಾತ್ರ ಕರಡು ತಿದ್ದುವವ ಅವರ ಮಾತನ್ನೇ ಪಾಲಿಸಿ.

ಪಾಠಕೂಟ

ಎಲ್ಲರ ಉತ್ತರಗಳನ್ನೂ ಗಮನವಿಟ್ಟು ಓದಿದೆ. ಮುಂದಿನ ತರಗತಿಯಿಂದ ಗೆರೆಯಿಲ್ಲದ ಗದ್ಯಭಾಗವನ್ನೇ ಕೊಡುತ್ತೇನೆ, ಆರಂಭದಲ್ಲಿ ಮೇಜು ಮತ್ತು ಪುಸ್ತಕದ ಎರಡು ಕನ್ನಡ ವಾಕ್ಯಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಅವರು ಸ್ವಂತವಾಗಿ ಬರೆದದ್ದನ್ನು ತಿದ್ದುವ ಕ್ರಮ ಹೇಗಿರಬೇಕು ಎಂಬುದು ಮಾತ್ರ ಇನ್ನೂ ಸ್ಪಷ್ಟವಾಗಿಲ್ಲ. ಕೆಂಪು ಶಾಯಿಯಲ್ಲಿ ನಾನೇ ‘ಎ’, ‘ದಿ’ ಸೇರಿಸಿ ಕೊಟ್ಟರೆ ಅವರು ನೋಡಿ ಮಡಚಿಡುತ್ತಾರೆ.

ಅನುವಾದಕಿ

ನೀವು ಸೇರಿಸಬೇಡಿ. ಬರೆದು ಮುಗಿಸಿದ ಮೇಲೆ ಅವರೇ ಪ್ರತಿ ನಾಮಪದದ ಕೆಳಗೆ ಗೆರೆ ಎಳೆಯಲಿ, ಒಂದೊಂದರ ಮುಂದೆಯೂ ನಿಂತು ಪ್ರಶ್ನೆ ಕೇಳಿಕೊಳ್ಳಲಿ. ಯಾವುದನ್ನು ಹೇಳುತ್ತಿದ್ದೇನೆಂದು ಓದುಗನಿಗೆ ಗೊತ್ತಾಗುತ್ತದೆಯೇ? ಗೊತ್ತಾಗುವುದಾದರೆ ‘ದಿ’, ಅಥವಾ ‘ಮೈ’, ‘ದಿಸ್’ ಮುಂತಾದ ಗುರುತಿನ ಪದ. ಅಲ್ಲಿಗೆ ಆ ನಾಮಪದ ಮುಗಿಯಿತು. ಗೊತ್ತಾಗದಿದ್ದರೆ, ಈ ಅರ್ಥದಲ್ಲಿ ಅದು ಎಣಿಕೆಯದೇ, ಒಂದೇ ಇದೆಯೇ? ಎರಡಕ್ಕೂ ಹೌದೆಂದರೆ ‘ಎ’ ಅಥವಾ ‘ಆ್ಯನ್’, ಇಲ್ಲದಿದ್ದರೆ ಖಾಲಿ ಅಥವಾ ‘ಸಮ್’. ಎಣಿಕೆಯ ಏಕವಚನದ ನಾಮಪದ ಮುಂದೆ ಏನೂ ಇಲ್ಲದೆ ಒಂಟಿಯಾಗಿ ನಿಂತಿರುವುದು ಕಂಡರೆ ಬಹುತೇಕ ಅದು ತಪ್ಪೇ. ‘ಶಿ ಈಸ್ ಡಾಕ್ಟರ್’ ಎಂಬುದು ಈ ಜರಡಿಯಲ್ಲೇ ಸಿಕ್ಕಿಬೀಳುತ್ತದೆ.

‘ದಿ ಲೈಫ್ ಈಸ್ ಡಿಫಿಕಲ್ಟ್’ ಎಂಬುದಕ್ಕೂ ಅದೇ ಮೊದಲ ಪ್ರಶ್ನೆ ಸಾಕು. ಯಾರ ಬದುಕು, ಯಾವ ಬದುಕು? ‘ದಿ ಲೈಫ್ ಆಫ್ ಎ ಸೋಲ್ಜರ್’ ಎಂದರೆ ಗುರುತು ಸಿಗುತ್ತದೆ. ಬದುಕನ್ನೇ ಸಾಮಾನ್ಯವಾಗಿ ಹೇಳುತ್ತಿದ್ದರೆ ‘ಲೈಫ್ ಈಸ್ ಡಿಫಿಕಲ್ಟ್’.

ಪರೀಕ್ಷಾರ್ಥಿ

ಹಾಗಾದರೆ ‘ಗೋ ಟು ಸ್ಕೂಲ್’ ಎಂಬಲ್ಲಿ ‘ಸ್ಕೂಲ್’ ಎಣಿಕೆಯ ಏಕವಚನವಾಗಿದ್ದೂ ಒಂಟಿಯಾಗಿ ನಿಂತಿದೆಯಲ್ಲ?

ಅನುವಾದಕಿ

ಒಳ್ಳೆಯ ಪ್ರಶ್ನೆ, ‘ಬಹುತೇಕ’ ಎಂದು ನಾನು ಬರೆದದ್ದು ಇಂಥವುಗಳಿಗಾಗಿಯೇ. ಅಲ್ಲಿ ‘ಸ್ಕೂಲ್’ ಕಟ್ಟಡವನ್ನು ಹೇಳದೆ ಅಲ್ಲಿ ನಡೆಯುವ ಕೆಲಸವನ್ನು ಹೇಳುತ್ತದೆ. ಮಗು ಕಲಿಯಲು ಹೋದರೆ ‘ಟು ಸ್ಕೂಲ್’, ತಂದೆ ಶುಲ್ಕ ಕಟ್ಟಲು ಹೋದರೆ ‘ಟು ದಿ ಸ್ಕೂಲ್’. ‘ಇನ್ ಪ್ರಿಸನ್’, ‘ಟು ಬೆಡ್’, ‘ಟು ಕೋರ್ಟ್’ ಎಂಬವೂ ಇದೇ ಗುಂಪು. ರೋಗಿಯಾಗಿ ದಾಖಲಾದವರನ್ನು ಬ್ರಿಟಿಷ್ ಬಳಕೆಯಲ್ಲಿ ‘ಇನ್ ಹಾಸ್ಪಿಟಲ್’ ಎಂದೂ ಅಮೆರಿಕನ್ ಬಳಕೆಯಲ್ಲಿ ‘ಇನ್ ದಿ ಹಾಸ್ಪಿಟಲ್’ ಎಂದೂ ಹೇಳುತ್ತಾರೆ. ಯಾವುದಾದರೂ ಒಂದನ್ನು ಆರಿಸಿಕೊಂಡು ಬರಹದುದ್ದಕ್ಕೂ ಅದನ್ನೇ ಉಳಿಸಿಕೊಳ್ಳಿ.

ಸಂಜೆಯೋದು

ದೇಶಗಳ ಹೆಸರನ್ನೂ ಅದೇ ತರಗತಿಯಲ್ಲಿ ಮುಗಿಸಿಬಿಡಿ, ಪಾಠಕೂಟ ಅವರೆ. ಸಾಮಾನ್ಯವಾಗಿ ‘ದಿ’ ಬೇಡ. ಬಹುವಚನ ರೂಪದ ‘ದಿ ನೆದರ್‌ಲ್ಯಾಂಡ್ಸ್’, ‘ದಿ ಫಿಲಿಪ್ಪೀನ್ಸ್’ ಮತ್ತು ‘ಸ್ಟೇಟ್ಸ್’, ‘ಕಿಂಗ್‌ಡಮ್’, ‘ರಿಪಬ್ಲಿಕ್’ ಇರುವ ಹೆಸರುಗಳಿಗೆ ಬೇಕು. ನದಿ, ಸಮುದ್ರ, ಪರ್ವತಶ್ರೇಣಿಗಳಿಗೆ ಬೇಕು, ಒಂಟಿ ಶಿಖರಕ್ಕೂ ಸರೋವರಕ್ಕೂ ಬೇಡ: ‘ದಿ ಹಿಮಾಲಯಾಸ್’, ಆದರೆ ‘ಮೌಂಟ್ ಎವರೆಸ್ಟ್’. ಹಳೆಯ ಪುಸ್ತಕಗಳಲ್ಲಿ ‘ದಿ ಯುಕ್ರೇನ್’ ಎಂದು ಕಂಡರೆ ಅದನ್ನು ಅನುಸರಿಸಬೇಡಿ. 1991ರಲ್ಲಿ ಸ್ವತಂತ್ರವಾದ ಆ ದೇಶ ತನ್ನ ಇಂಗ್ಲಿಷ್ ಹೆಸರಿನಲ್ಲಿ ‘ದಿ’ ಬೇಡವೆನ್ನುತ್ತದೆ, ಇಂದಿನ ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ.

ಪರೀಕ್ಷಾರ್ಥಿ

ಗೆರೆಯಿಲ್ಲದ ಗದ್ಯಭಾಗ ಸಿದ್ಧವಾದ ಕೂಡಲೇ ಇಲ್ಲಿಯೂ ಹಾಕಿ, ಪಾಠಕೂಟ ಅವರೆ. ಈ ಸಲ ಉತ್ತರದ ಜೊತೆಗೆ ಪ್ರತಿಯೊಂದಕ್ಕೂ ಕಾರಣ ಬರೆಯುತ್ತೇನೆ.